ಏಕಲವ್ಯನ ಹೆಸರಿನಲ್ಲಿ ಎರಡು ಪಂಕ್ತಿ

ಪ್ರತಿ ಫೆಬ್ರುವರಿಯಲ್ಲಿ, ಸೂಪರ್ ಬೌಲ್ ಪಂದ್ಯಕ್ಕೆ ಮುಂಚೆ, ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ತನ್ನ ಆಟಗಾರರನ್ನು ಟಿ.ವಿ. ಕ್ಯಾಮೆರಾಗಳೆದುರು ಸನ್ಮಾನಿಸುತ್ತದೆ. 2012ರಲ್ಲಿ ಶುರುವಾದ ಈ ಸಮಾರಂಭದ ಹೆಸರು ‘ಎನ್‌ಎಫ್‌ಎಲ್ ಆನರ್ಸ್’. ನಮ್ಮ ಆಟಗಳಿಗೂ ಇಂಥದೊಂದು ವೈಭವ ಬೇಕು ಎನ್ನುವವರಿದ್ದಾರೆ. ನನ್ನ ತಕರಾರು ಅವರೊಂದಿಗೆ. ಕಲಿಯಬೇಕಾದದ್ದು ಅಲ್ಲಿನ ದೀಪಾಲಂಕಾರವನ್ನಲ್ಲ.

ಆ ಆಟವನ್ನೇ ನೋಡಿ. ಅದು ಒಲಿಂಪಿಕ್ಸ್ ಪದಕದ ಆಟವಲ್ಲ. ಮೈಗೆ ಮೈ ತಾಗದ ಅದರ ಸೌಮ್ಯ ರೂಪವೊಂದು 2028ರ ಲಾಸ್ ಏಂಜಲೀಸ್ ಕೂಟಕ್ಕೆ ಸೇರಿದೆ, ಅಷ್ಟೆ. ಉತ್ತರ ಅಮೆರಿಕದಾಚೆ ಅದನ್ನು ವೃತ್ತಿಯಾಗಿ ಆಡುವವರು ಕಡಿಮೆ. ನಮ್ಮ ಇಲಾಖೆಯ ಭಾಷೆಯಲ್ಲಿ ಹೇಳುವುದಾದರೆ ಅದು ಅಪ್ಪಟ ‘ದೇಶಿ ಕ್ರೀಡೆ’. ಆದರೂ ಅಲ್ಲಿ ಅದನ್ನು ಎರಡನೇ ಪಂಕ್ತಿಯಲ್ಲಿ ಕೂರಿಸುವವರಿಲ್ಲ. ತಮ್ಮ ಆಟದ ಬೆಲೆಯನ್ನು ಅವರು ಬೇರೆಯವರ ತಕ್ಕಡಿಯಲ್ಲಿ ತೂಗುವುದಿಲ್ಲ.

ನಾವು ತೂಗುತ್ತೇವೆ. ಕರ್ನಾಟಕ ಸರ್ಕಾರ ಕೊಡುವ ಏಕಲವ್ಯ ಪ್ರಶಸ್ತಿಗೆ 2 ಲಕ್ಷ ರೂಪಾಯಿ. ಖೊ-ಖೊ, ಆಟ್ಯಾ-ಪಾಟ್ಯಾ, ಕಂಬಳ, ಮಲ್ಲಕಂಬ, ಗುಂಡು ಎತ್ತುವುದು ಮುಂತಾದ ಆಟಗಳ ಸಾಧಕರಿಗೆಂದು ಇರುವ ಕ್ರೀಡಾರತ್ನಕ್ಕೆ 1 ಲಕ್ಷ. ಗ್ರಾಮೀಣ ಕ್ರೀಡೆಗೆ ಪ್ರತ್ಯೇಕ ಗೌರವ ಎಂದು ಇದನ್ನು ಹೊಗಳುತ್ತಾರೆ. ಪ್ರತ್ಯೇಕ ಸರಿ, ಅರ್ಧ ಯಾಕೆ? ಗುರುವಿಲ್ಲದೆ, ಅಂಗಣವಿಲ್ಲದೆ ತಾನೇ ಕಲಿತು ಬೆರಳು ಕಳೆದುಕೊಂಡವನು ಏಕಲವ್ಯ. ತೆಲಿಗಿಯಂಥ ಊರಿನ ಶಾಲೆಯ ಬಯಲಲ್ಲಿ ಎರಡು ಕಂಬ ನೆಟ್ಟು ಖೊ-ಖೊ ಆಡುವ ಮಕ್ಕಳು ಅವನ ನಿಜವಾದ ವಾರಸುದಾರರು. ಅವನ ಹೆಸರು ಒಂದು ಪಂಕ್ತಿಗೆ, ಅವನ ಪಾಡು ಇನ್ನೊಂದು ಪಂಕ್ತಿಗೆ!

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊ-ಖೊ ವಿಶ್ವಕಪ್ ನಡೆಯಿತು. ಪುರುಷರ ಮತ್ತು ಮಹಿಳೆಯರ ಎರಡೂ ಫೈನಲ್‌ಗಳಲ್ಲಿ ಭಾರತ ನೇಪಾಳವನ್ನು ಸೋಲಿಸಿತು. ಪುರುಷರ ತಂಡದಲ್ಲಿ ನಮ್ಮ ಎಂ.ಕೆ. ಗೌತಮ್ ಇದ್ದರು, ಮಹಿಳೆಯರ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ. 78–40ರಲ್ಲಿ ಗೆದ್ದ ಮಹಿಳೆಯರ ಫೈನಲ್‌ನ ಶ್ರೇಷ್ಠ ಆಟಗಾರ್ತಿ ಚೈತ್ರಾ. ರಾಜ್ಯ ಸರ್ಕಾರ ಇಬ್ಬರಿಗೂ ತಲಾ 5 ಲಕ್ಷ ಘೋಷಿಸಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ ಘೋಷಿಸಿದ್ದು ತಲಾ 2.25 ಕೋಟಿ, ಜೊತೆಗೆ ಸರ್ಕಾರಿ ನೌಕರಿ. ಗೌತಮ್ ಮತ್ತು ಚೈತ್ರಾ ಆ 5 ಲಕ್ಷ ಬೇಡವೆಂದರು.

ಆಗ ಕೆಲವರು ಇದನ್ನು ದುರಾಸೆ ಎಂದರು. ನನಗದು ನಮ್ಮ ಕ್ರೀಡಾಲೋಕದ ಅತ್ಯಂತ ಘನತೆಯ ಮಾತಾಗಿ ಕೇಳಿಸಿತು. ಕೊಟ್ಟದ್ದನ್ನು ಕಣ್ಣಿಗೊತ್ತಿಕೊಳ್ಳಬೇಕು ಎಂದು ಹಳ್ಳಿಯ ಮಕ್ಕಳಿಗೆ ಮಾತ್ರ ನಾವು ಪಾಠ ಹೇಳುತ್ತೇವೆ. ಕ್ರಿಕೆಟಿಗನೊಬ್ಬ ಹರಾಜಿನಲ್ಲಿ ಕೋಟಿ ಎಣಿಸಿದರೆ ಅದು ಪ್ರತಿಭೆಯ ಬೆಲೆ, ಖೊ-ಖೊ ಹುಡುಗಿ ನೌಕರಿ ಕೇಳಿದರೆ ದುರಾಸೆ.

ಆಡಿದ್ದು ಬರೀ 23 ದೇಶ, ಅದೆಂಥ ವಿಶ್ವಕಪ್ ಎಂದೂ ಕೇಳುತ್ತಾರೆ. ಅಮೆರಿಕನ್ನರು ತಮ್ಮ ಲೀಗ್ ಗೆದ್ದವರನ್ನೇ ‘ವಿಶ್ವ ಚಾಂಪಿಯನ್ನರು’ ಎಂದು ಕರೆಯುತ್ತಾರಲ್ಲ, ಅಲ್ಲಿ ದೇಶಗಳನ್ನು ಎಣಿಸಿದವರು ಯಾರು? ಅದು ದುಡ್ಡಿನ ಲೀಗ್, ಇದು ಸರ್ಕಾರ ಎಂಬ ಇನ್ನೊಂದು ವಾದವಿದೆ. ಅದನ್ನೇ ನಾನೂ ಹೇಳುತ್ತಿರುವುದು. ಮಾರುಕಟ್ಟೆ ಆಟಗಳಿಗೆ ಬೆಲೆ ಕಟ್ಟುತ್ತದೆ, ಅದರ ಕೆಲಸವೇ ಅದು. ಸರ್ಕಾರದ ಗೌರವ ಆ ಬೆಲೆಪಟ್ಟಿಯ ನಕಲಾಗಬಾರದು.

ಹಾಗಾಗಿ ಕೆಂಪು ಹಾಸು ಬೇಡ. ಎರಡೂ ಪ್ರಶಸ್ತಿಗಳ ಮೊತ್ತ ಒಂದೇ ಆಗಲಿ. ಇಂಥ ವರ್ಷದ್ದು ಇಂಥ ದಿನವೇ ಕೊಡುವ ಪದ್ಧತಿ ಬರಲಿ. ದೇಶಕ್ಕೆ ಆಡಿ ಗೆದ್ದವರಿಗೆ ನೌಕರಿಯ ನಿಯಮವಿರಲಿ, ಅದು ಮಂತ್ರಿಗಳ ಔದಾರ್ಯವಾಗದಿರಲಿ. ಸನ್ಮಾನದ ಶಾಲು ಒಂದು ಸಂಜೆ ಬೆಚ್ಚಗಿಡುತ್ತದೆ. ಮಂಡಿ ಸವೆದ ಮೇಲೂ ಬದುಕು ಉಳಿದಿರುತ್ತದೆ.