ಎದೆಯ ನೀರು: ಬತ್ತಿಸುವ ಮೊದಲು ಕಾರಣ ತಿಳಿಯಬೇಕು

ಎದೆಯಲ್ಲಿ ನೀರು ತುಂಬಿದೆ ಎಂದೊಡನೆ ಮನೆಯವರು ಕೇಳುವುದು ಅದನ್ನು ಬತ್ತಿಸುವ ಔಷಧವನ್ನು. ಸೂಜಿ ಹಾಕಿದರೆ ನೀರು ಮತ್ತೆ ಮತ್ತೆ ತುಂಬುತ್ತದೆ ಎಂಬ ಭಯವೂ ಜನರಲ್ಲಿ ಬೇರೂರಿದೆ. ನೀರು ಮರಳಿ ತುಂಬುವುದು ಸೂಜಿಯಿಂದಲ್ಲ. ಒಳಗಿನ ಕಾರಣ ಹಾಗೆಯೇ ಉಳಿದಿರುವುದರಿಂದ. ಆದುದರಿಂದ ಔಷಧಕ್ಕಿಂತ ಮೊದಲು ಆ ನೀರಿನ ಪರೀಕ್ಷೆಯಾಗಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಶ್ವಾಸಕೋಶವನ್ನು ಎರಡು ಪದರಗಳ ತೆಳುವಾದ ಹೊದಿಕೆ ಆವರಿಸಿದೆ. ಹೃದಯ ದುರ್ಬಲವಾದಾಗ, ಯಕೃತ್ತು ಗಟ್ಟಿಗೊಂಡಾಗ, ಮೂತ್ರಪಿಂಡದಿಂದ ಪ್ರೋಟೀನ್ ಸೋರಿದಾಗ ಈ ಪದರಗಳ ನಡುವೆ ತಿಳಿನೀರು ಒಸರಿ ನಿಲ್ಲುತ್ತದೆ. ಕ್ಷಯ, ನ್ಯುಮೋನಿಯಾ, ಅರ್ಬುದಗಳು ಹೊದಿಕೆಯನ್ನೇ ಕೆಡಿಸಿದಾಗ ಪ್ರೋಟೀನ್ ಹೆಚ್ಚಿರುವ ದ್ರವ ಸೇರುತ್ತದೆ. ಎಕ್ಸ್‌ರೇಯಲ್ಲಿ ಎರಡೂ ಒಂದೇ ಬಿಳಿ ಛಾಯೆಯಾಗಿ ಕಾಣುತ್ತವೆ.

ಇವನ್ನು ಬೇರ್ಪಡಿಸುವ ಅಳತೆಗೋಲನ್ನು 1972ರಲ್ಲಿ ಅಮೆರಿಕದ ವೈದ್ಯ ರಿಚರ್ಡ್ ಲೈಟ್ ಮತ್ತು ಸಂಗಡಿಗರು ನೀಡಿದರು. ದ್ರವದ ಪ್ರೋಟೀನ್ ರಕ್ತದಲ್ಲಿರುವುದರ ಅರ್ಧಕ್ಕಿಂತ ಹೆಚ್ಚಿದ್ದರೆ, ಅಥವಾ ಎಲ್‌ಡಿಎಚ್ ಎಂಬ ಕಿಣ್ವ ರಕ್ತದಲ್ಲಿರುವುದರ 0.6 ಪಾಲನ್ನು ಮೀರಿದ್ದರೆ, ಅಥವಾ ಆ ಕಿಣ್ವ ರಕ್ತಕ್ಕೆ ಹೇಳಿದ ಗರಿಷ್ಠ ಸಹಜ ಮಿತಿಯ ಮೂರನೆಯ ಎರಡು ಭಾಗಕ್ಕಿಂತ ಅಧಿಕವಿದ್ದರೆ, ದೋಷ ಹೊದಿಕೆಯಲ್ಲಿದೆಯೆಂದು ತಿಳಿಯಬೇಕು. ಆಗ ಎಡಿಎ ಎಂಬ ಇನ್ನೊಂದು ಕಿಣ್ವವನ್ನು ನೋಡುತ್ತಾರೆ. ಅದು ಲೀಟರಿಗೆ 40 ಯೂನಿಟ್ ಮೀರಿ, ಲಿಂಫೋಸೈಟ್ ಕಣಗಳೂ ಹೆಚ್ಚಿದ್ದರೆ ಕ್ಷಯದ ಸಂಶಯ ಬಲವಾಗುತ್ತದೆ. ಆದರೆ ಕೀವು ತುಂಬಿದಾಗಲೂ ಕೆಲವು ಅರ್ಬುದಗಳಲ್ಲಿಯೂ ಎಡಿಎ ಏರುವುದರಿಂದ ಒಂದೇ ಅಂಕಿಯನ್ನು ನೆಚ್ಚಬಾರದು. ಅರ್ಬುದದ ಕಣಗಳು ಮೊದಲ ಪರೀಕ್ಷೆಯಲ್ಲಿ ಸಿಗದಿದ್ದ ಮಾತ್ರಕ್ಕೆ ರೋಗವಿಲ್ಲವೆಂದೂ ಅಲ್ಲ.

ಪುನರ್ನವದ ಕಷಾಯ ಕುಡಿದು ನೀರು ಬತ್ತಿತೆಂದು ಸಂತೋಷಪಡುವವರನ್ನು ನಾವು ಕಂಡಿದ್ದೇವೆ. ಕ್ಷಯದ ನೀರು ಅನೇಕರಲ್ಲಿ ಯಾವ ಔಷಧವೂ ಇಲ್ಲದೆ ಕೆಲವು ತಿಂಗಳಲ್ಲಿ ತಾನಾಗಿಯೇ ಇಂಗುತ್ತದೆ. ರೋಗ ಮಾತ್ರ ಒಳಗೇ ಉಳಿದು, ಕೆಲವು ವರ್ಷಗಳಲ್ಲಿ ಶ್ವಾಸಕೋಶದ ಕ್ಷಯವಾಗಿ ಎದ್ದು ಮನೆಮಂದಿಗೂ ಹರಡಬಲ್ಲದು. ಬತ್ತಿದ ನೀರು ವಾಸಿಯಾದ ರೋಗವಲ್ಲ. ಪರೀಕ್ಷಿಸದೆ ಊಹೆಯಿಂದಲೇ ಕ್ಷಯದ ಮಾತ್ರೆ ಆರಂಭಿಸುವುದೂ ಅಷ್ಟೇ ಅಪಾಯ. ಅಷ್ಟರಲ್ಲಿ ಅಡಗಿದ ಅರ್ಬುದ ಬೆಳೆದಿರುತ್ತದೆ.

ನಿದಾನವಿಲ್ಲದೆ ಚಿಕಿತ್ಸೆಯಿಲ್ಲವೆಂಬುದು ಆಯುರ್ವೇದದ ಮೂಲ ನಿಯಮ. ನಿದಾನಕ್ಕೆ ನೆರವಾಗುವ ಪ್ರಯೋಗಾಲಯವನ್ನು ಆಯುರ್ವೇದ ವೈದ್ಯರು ಅನ್ಯವೆಂದು ಭಾವಿಸಬೇಕಾಗಿಲ್ಲ. ಹೃದಯರೋಗವು ಸ್ಪಷ್ಟವಿದ್ದು ಎರಡೂ ಕಡೆ ನೀರಿದ್ದರೆ ವೈದ್ಯರು ಸೂಜಿ ಬೇಡವೆನ್ನಬಹುದು. ಅದು ಅವರ ವಿವೇಚನೆಗೆ ಬಿಟ್ಟದ್ದು. ಮೂತ್ರ ಹೆಚ್ಚಿಸುವ ಮಾತ್ರೆಗಳು ಹೃದಯದ ತಿಳಿನೀರನ್ನೂ ಗಾಢವಾಗಿಸಿ ಫಲಿತಾಂಶವನ್ನು ತಪ್ಪಿಸಬಲ್ಲವು. ಆದ್ದರಿಂದ ಸೇವಿಸಿದ ಮಾತ್ರೆ, ಕಷಾಯ ಎಲ್ಲವನ್ನೂ ಮುಚ್ಚಿಡದೆ ತಿಳಿಸಬೇಕು.

ಕ್ಷಯವೆಂದು ನಿಶ್ಚಯವಾದರೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ. ಸಾಮಾನ್ಯವಾಗಿ 6 ತಿಂಗಳು ತಪ್ಪದೆ ಸೇವಿಸಬೇಕು. ಸದ್ಭಕ್ತರು ಸೂಜಿಗೆ ಅಂಜಿ ರೋಗಕ್ಕೆ ಕಾಲಾವಕಾಶ ಕೊಡಬಾರದೆಂದು ನಮ್ಮ ವಿನಂತಿ.