ಹೋಟೆಲಿನ ಆಸ್ತಿಪಟ್ಟಿಯಲ್ಲಿ ಕಾಣದ ಬಂಡವಾಳ

ಯಾವುದೇ ಹೋಟೆಲಿನ ಆಸ್ತಿ-ಹೊಣೆ ಪಟ್ಟಿಯನ್ನು ತೆರೆದರೆ ನಿವೇಶನ, ಕಟ್ಟಡ, ಪೀಠೋಪಕರಣ, ಬ್ಯಾಂಕಿನ ಸಾಲ ಇತ್ಯಾದಿಗಳು ಕಾಣಸಿಗುತ್ತವೆ. ಆದರೆ ಸರೋವರದ ದಡದಲ್ಲಿ, ಪರ್ವತಗಳ ನಡುವೆ, ನೆಲದಿಂದ ಉಕ್ಕುವ ಬಿಸಿನೀರನ್ನು ನಂಬಿ ನಡೆಯುವ ಹೋಟೆಲಿನ ಮಟ್ಟಿಗೆ ಈ ಪಟ್ಟಿ ಅಪೂರ್ಣವೇ ಸರಿ. ಅಲ್ಲಿಗೆ ಬರುವ ಅತಿಥಿಯು ಹಣ ತೆರುವುದು ಮುಖ್ಯವಾಗಿ ನೀರಿಗೆ ಮತ್ತು ನೋಟಕ್ಕೆ. ಇವೆರಡೂ ಹೋಟೆಲಿನ ಒಡೆತನಕ್ಕೆ ಸೇರಿದವಲ್ಲ. ಹಾಗಿದ್ದರೆ ಈ ಬಂಡವಾಳವನ್ನು ಕಾಯುವವರು ಯಾರು, ಅದರ ವೆಚ್ಚವನ್ನು ಭರಿಸುವವರು ಯಾರು? ಈ ಪ್ರಶ್ನೆಗೆ ಜಪಾನಿನ ಸುವಾ ಸರೋವರದ ಅನುಭವವು ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಉಪಯುಕ್ತವಾದ ಉತ್ತರ ನೀಡುತ್ತದೆ.

ನಾಗಾನೊ ಪ್ರಾಂತದಲ್ಲಿ, ಸಮುದ್ರಮಟ್ಟದಿಂದ 759 ಮೀಟರ್ ಎತ್ತರದಲ್ಲಿರುವ ಈ ಸರೋವರದ ಸುತ್ತಳತೆ ಸುಮಾರು 16 ಕಿಲೋಮೀಟರ್. ಆಳ ಮಾತ್ರ ಏಳು ಮೀಟರಿನಷ್ಟೇ. ಟೋಕಿಯೋದ ಶಿಂಜುಕು ನಿಲ್ದಾಣದಿಂದ ಎರಡು ಗಂಟೆಗೂ ತುಸು ಹೆಚ್ಚಿನ ರೈಲು ಪ್ರಯಾಣದಲ್ಲಿ ಕಾಮಿಸುವಾ ತಲುಪಬಹುದು. ಈ ನಿಲ್ದಾಣದ ಪ್ಲಾಟ್‌ಫಾರಂ ಮೇಲೆಯೇ ಪ್ರಯಾಣಿಕರು ಕಾಲು ಇಳಿಬಿಟ್ಟು ಕೂರಬಹುದಾದ ಬಿಸಿನೀರಿನ ತೊಟ್ಟಿಯಿದೆ. ಪೂರ್ವ ದಿಕ್ಕಿಗೆ 2,899 ಮೀಟರ್ ಎತ್ತರದ ಶಿಖರವುಳ್ಳ ಯಾತ್ಸುಗತಾಕೆ ಪರ್ವತ ಶ್ರೇಣಿ. ಆಕಾಶ ತಿಳಿಯಾಗಿರುವ ದಿನ ದಡದ ಕೆಲವು ಕಡೆಗಳಿಂದ ಗಿರಿಗಳ ಸಂದಿನಲ್ಲಿ ದೂರದ ಫ್ಯೂಜಿ ಪರ್ವತವೂ ಗೋಚರಿಸುತ್ತದೆ. ಖ್ಯಾತ ಚಿತ್ರಕಾರ ಹೊಕುಸಾಯಿ ತನ್ನ ಫ್ಯೂಜಿ ಚಿತ್ರಮಾಲಿಕೆಯಲ್ಲಿ ಈ ನೋಟಕ್ಕೂ ಸ್ಥಾನ ನೀಡಿದ್ದಾನೆ.

ಇಲ್ಲಿನ ಸಾಂಪ್ರದಾಯಿಕ ವಸತಿಗೃಹಗಳ ವ್ಯವಹಾರ ಕ್ರಮವೇ ಬೇರೆ. ದರವನ್ನು ಸಾಮಾನ್ಯವಾಗಿ ಕೊಠಡಿಗೆ ನಿಗದಿಪಡಿಸದೆ ಪ್ರತಿ ವ್ಯಕ್ತಿಗೆ ನಿಗದಿಪಡಿಸಲಾಗುತ್ತದೆ. ರಾತ್ರಿಯ ಊಟ ಮತ್ತು ಬೆಳಗಿನ ಉಪಾಹಾರ ಅದರಲ್ಲಿಯೇ ಸೇರಿರುತ್ತವೆ. ಅತಿಥಿಯು ಮಧ್ಯಾಹ್ನದ ನಂತರ ಬಂದು, ಹತ್ತಿಯ ನಿಲುವಂಗಿ ತೊಟ್ಟು, ಸ್ನಾನಗೃಹಕ್ಕೆ ತೆರಳುತ್ತಾನೆ. ಮೊದಲು ಹೊರಗೆ ಕುಳಿತು ಸೋಪಿನಿಂದ ಮೈ ತೊಳೆದುಕೊಂಡ ನಂತರವೇ ಬಿಸಿನೀರಿನ ಕೊಳಕ್ಕೆ ಇಳಿಯತಕ್ಕದ್ದು. ಹಲವರು ಬಳಸುವ ನೀರನ್ನು ಕೊಳೆ ಮಾಡಬಾರದೆಂಬ ಈ ನಿಯಮಕ್ಕೆ ಶ್ರೀಮಂತ, ಬಡವ, ಸ್ವದೇಶಿ, ವಿದೇಶಿ ಎಂಬ ವಿನಾಯಿತಿಯಿಲ್ಲ. ಆದರೆ ಇದೇ ನಿಯಮವನ್ನು ಒಂದು ಇಡೀ ಸರೋವರಕ್ಕೆ ಅನ್ವಯಿಸುವುದು ಅಷ್ಟು ಸುಲಭವಾಗಿರಲಿಲ್ಲ. ಏಕೆಂದರೆ ಸುವಾ ಕೇವಲ ಪ್ರವಾಸಿ ತಾಣವಲ್ಲ, ಕಾರ್ಖಾನೆಗಳ ಊರು ಕೂಡ.

ಈ ಪ್ರದೇಶದ ಮೊದಲ ದೊಡ್ಡ ಉದ್ದಿಮೆ ರೇಷ್ಮೆ ನೂಲು ಬಿಚ್ಚಾಣಿಕೆ. ಸರೋವರದ ಪಶ್ಚಿಮ ದಡದ ಒಕಾಯಾ ಪಟ್ಟಣವು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಮಾರುಕಟ್ಟೆಗೆ ನೂಲು ಕಳುಹಿಸುವ ಪ್ರಮುಖ ಕೇಂದ್ರವಾಗಿತ್ತು. ಕರ್ನಾಟಕದ ರೇಷ್ಮೆ ಉದ್ಯಮವೂ ಜಪಾನಿನ ಈ ಕೌಶಲಕ್ಕೆ ಋಣಿಯಾಗಿದೆ, ಜೆ.ಎನ್. ಟಾಟಾ ಅವರು 1890ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ರೇಷ್ಮೆ ಕ್ಷೇತ್ರಕ್ಕೆ ಜಪಾನಿ ತಜ್ಞರನ್ನು ಕರೆಸಿಕೊಂಡಿದ್ದರು. ಆದರೆ ಒಕಾಯಾದ ಏಳಿಗೆಯ ಹಿಂದೆ ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳ ದೀರ್ಘ ದುಡಿಮೆಯಿತ್ತು. 1927ರಲ್ಲಿ ಅಲ್ಲಿನ ಗಿರಣಿಯೊಂದರ ಸ್ತ್ರೀ ಕಾರ್ಮಿಕರು ನಡೆಸಿದ ಮುಷ್ಕರ ಇಡೀ ದೇಶದ ಗಮನ ಸೆಳೆದಿತ್ತು.

ಮರುವರ್ಷ, ಅಂದರೆ 1928ರಲ್ಲಿ, ಕಾಟಾಕುರಾ ರೇಷ್ಮೆ ಮನೆತನವು ಕಾಮಿಸುವಾದ ದಡದಲ್ಲಿ ಭವ್ಯವಾದ ಸ್ನಾನಗೃಹವೊಂದನ್ನು ಕಟ್ಟಿಸಿತು. ಯುರೋಪ್ ಪ್ರವಾಸದಲ್ಲಿ ಅಲ್ಲಿನ ಜನಹಿತ ಸೌಕರ್ಯಗಳನ್ನು ಕಂಡುಬಂದ ಎರಡನೆಯ ಕಾಟಾಕುರಾ ಕನೆತಾರೋ ಅದನ್ನು ಕೇವಲ ತನ್ನ ಕಾರ್ಮಿಕರಿಗೆ ಮೀಸಲಿಡದೆ ಊರ ಜನರಿಗೂ ತೆರೆದಿಟ್ಟರು. ರೇಷ್ಮೆಯ ವೈಭವ ಅಳಿಯಿತು, ಸ್ನಾನಗೃಹ ಉಳಿಯಿತು. 2011ರಲ್ಲಿ ರಾಷ್ಟ್ರದ ಮಹತ್ವದ ಸಾಂಸ್ಕೃತಿಕ ಆಸ್ತಿಯೆಂಬ ಮನ್ನಣೆ ಪಡೆದ ಈ ಕಟ್ಟಡದಲ್ಲಿ ಇಂದಿಗೂ ಪ್ರವಾಸಿಗರು ಶುಲ್ಕ ತೆತ್ತು ಸ್ನಾನ ಮಾಡುತ್ತಾರೆ. ಒಬ್ಬ ಉದ್ಯಮಿಯು ಊರಿಗಾಗಿ ಹೂಡಿದ ಹಣ ಸುತ್ತಲಿನ ಹೋಟೆಲುಗಳಿಗೆ ಶಾಶ್ವತ ಆಕರ್ಷಣೆಯಾಗಿ ಪರಿಣಮಿಸಿದ್ದು ಗಮನಾರ್ಹ. ಆದರೂ ಉದಾರಿಗಳ ಕೊಡುಗೆಯೊಂದನ್ನೇ ನೆಚ್ಚಿ ಸರೋವರವನ್ನು ಉಳಿಸಲಾಗದು ಎಂಬುದನ್ನು ಮುಂದಿನ ದಶಕಗಳು ತೋರಿಸಿಕೊಟ್ಟವು.

ಯುದ್ಧಾನಂತರ ಸುವಾ ಪ್ರದೇಶವು ಕೈಗಡಿಯಾರ, ಕ್ಯಾಮೆರಾ, ಸಂಗೀತ ಪೆಟ್ಟಿಗೆ ಮುಂತಾದ ಸೂಕ್ಷ್ಮ ಯಂತ್ರಗಳ ತಯಾರಿಕೆಗೆ ಹೆಸರಾಯಿತು. ಜಗತ್ತಿನ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು 1969ರಲ್ಲಿ ರೂಪಿಸಿದ್ದು ಇಲ್ಲಿನ ಸುವಾ ಸೈಕೋಷಾ ಸಂಸ್ಥೆ. ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸುವ ಅಸಂಖ್ಯ ಸಣ್ಣ ಘಟಕಗಳೂ ಬೆಳೆದವು. ಅವುಗಳ ತ್ಯಾಜ್ಯದೊಂದಿಗೆ ಬೆಳೆಯುತ್ತಿದ್ದ ಪಟ್ಟಣಗಳ ಕೊಳಚೆಯೂ ಸೇರಿ, 1960 ಮತ್ತು 1970ರ ದಶಕಗಳಲ್ಲಿ ಬೇಸಿಗೆ ಬಂತೆಂದರೆ ಸರೋವರದ ಮೇಲೆ ಹಸಿರು ಪಾಚಿ ದಟ್ಟವಾಗಿ ಹರಡಿ ದುರ್ವಾಸನೆ ಬೀರುತ್ತಿತ್ತು. ಕೊಠಡಿಯ ಕಿಟಕಿ ತೆರೆಯಲಾಗದ ಹೋಟೆಲಿಗೆ ಸರೋವರದ ನೋಟವೆಂಬ ಜಾಹೀರಾತಿನಿಂದ ಪ್ರಯೋಜನವೇನು?

ಪರಿಹಾರವಾಗಿ ಸರೋವರದ ಸುತ್ತಲಿನ ಪಟ್ಟಣಗಳೆಲ್ಲವನ್ನೂ ಒಳಗೊಂಡ ಒಂದೇ ಒಳಚರಂಡಿ ಜಾಲವನ್ನು ರೂಪಿಸಲಾಯಿತು. 1979ರಲ್ಲಿ ಅದರ ಸಂಸ್ಕರಣಾ ಕೇಂದ್ರ ಕಾರ್ಯಾರಂಭ ಮಾಡಿತು. ಸಂಸ್ಕರಿಸಿದ ನೀರನ್ನೂ ಸರೋವರದ ಮಧ್ಯಕ್ಕೆ ಬಿಡದೆ, ತೆನ್ರ್ಯೂ ನದಿಯು ಹೊರಹೊಮ್ಮುವ ದ್ವಾರದ ಬಳಿಗೆ ಕೊಳವೆಯಲ್ಲಿ ಸಾಗಿಸಲಾಗುತ್ತದೆ. ಪಾಚಿಯ ಹಾವಳಿ ಕ್ರಮೇಣ ತಗ್ಗಿತು. ಇದರಿಂದ ಅನಿರೀಕ್ಷಿತ ಲಾಭವೂ ದೊರೆಯಿತು. ಕೆಸರನ್ನು ಸುಟ್ಟ ಬೂದಿಯಲ್ಲಿ ಒಂದು ಟನ್ನಿಗೆ ಸುಮಾರು 1.9 ಕಿಲೋಗ್ರಾಂ ಚಿನ್ನ ಸಿಕ್ಕಿದೆಯೆಂದು 2009ರಲ್ಲಿ ಪ್ರಕಟವಾಯಿತು. ಚಿನ್ನ ಬಳಸುವ ಸೂಕ್ಷ್ಮ ಯಂತ್ರೋದ್ಯಮ ಹತ್ತಿರದಲ್ಲಿರುವುದೇ ಇದಕ್ಕೆ ಕಾರಣವೆಂದು ಆಗ ವಿವರಿಸಲಾಯಿತು. ಚರಂಡಿಗೆ ಹರಿಯುವುದು ಕೇವಲ ಕಸವಲ್ಲ, ಉದ್ದಿಮೆಯ ಸೋರಿಹೋದ ಕಚ್ಚಾವಸ್ತುವೂ ಹೌದು.

ಬಿಸಿನೀರಿನ ವಿಷಯದಲ್ಲಿಯೂ ಇದೇ ಸಾಮೂಹಿಕ ಕ್ರಮವಿದೆ. ಪ್ರತಿಯೊಬ್ಬ ಮಾಲೀಕನೂ ತನಗೆ ತೋಚಿದಲ್ಲಿ ಕೊಳವೆಬಾವಿ ಕೊರೆಯುತ್ತ ಹೋದರೆ ಬುಗ್ಗೆಗಳು ಬತ್ತುವುದು ನಿಶ್ಚಿತ. 1948ರ ಬಿಸಿನೀರಿನ ಬುಗ್ಗೆಗಳ ಕಾಯಿದೆಯ ಪ್ರಕಾರ ಕೊರೆಯಲು ಅನುಮತಿ ಕಡ್ಡಾಯ. ಸುವಾದಲ್ಲಿ ನಗರಾಡಳಿತದ ನೀರು ಸರಬರಾಜು ಇಲಾಖೆಯೇ ಬಿಸಿನೀರನ್ನು ಹೋಟೆಲುಗಳಿಗೂ ಮನೆಗಳಿಗೂ ಹಂಚುತ್ತದೆ. ಇದಲ್ಲದೆ ಜಪಾನಿನ ಇಂತಹ ಊರುಗಳಲ್ಲಿ ಪ್ರತಿ ಅತಿಥಿಯಿಂದ ದಿನಕ್ಕೆ ಸಾಮಾನ್ಯವಾಗಿ 150 ಯೆನ್ ಸ್ನಾನ ತೆರಿಗೆ ವಸೂಲಾಗುತ್ತದೆ. ಹೋಟೆಲು ಅದನ್ನು ಸಂಗ್ರಹಿಸಿ ಸ್ಥಳೀಯ ಆಡಳಿತಕ್ಕೆ ಒಪ್ಪಿಸುತ್ತದೆ. ಬುಗ್ಗೆಯ ಮೂಲದ ರಕ್ಷಣೆ, ನೈರ್ಮಲ್ಯ, ಅಗ್ನಿಶಾಮಕ ವ್ಯವಸ್ಥೆ ಮತ್ತು ಪ್ರವಾಸೋದ್ಯಮ ಎಂಬ ನಿರ್ದಿಷ್ಟ ಉದ್ದೇಶಗಳಿಗೆ ಮಾತ್ರ ಅದರ ವಿನಿಯೋಗ.

ಸಣ್ಣ ಘಟಕಗಳು ಇಂತಹ ಹೊರೆಯನ್ನು ತಾಳಲಾರವು ಎಂಬ ಆಕ್ಷೇಪ ಸಹಜ, ಅದರಲ್ಲಿ ಹುರುಳಿಲ್ಲದಿಲ್ಲ. ಹತ್ತು ಜನರನ್ನಿಟ್ಟುಕೊಂಡು ಲೋಹದ ಲೇಪನ ಮಾಡುವ ಅಥವಾ ನೂಲು ಬಿಚ್ಚುವ ಘಟಕವು ಸ್ವಂತ ಸಂಸ್ಕರಣಾ ಸ್ಥಾವರ ಕಟ್ಟಬೇಕೆಂದು ವಿಧಿಸಿದರೆ ಒಂದೋ ಬಾಗಿಲು ಮುಚ್ಚುತ್ತದೆ, ಇಲ್ಲವೇ ರಾತ್ರಿ ಹೊತ್ತು ಕದ್ದು ಹರಿಸುತ್ತದೆ. ಸುವಾದ ಪಾಠವಿರುವುದು ಇಲ್ಲಿಯೇ. ಎಲ್ಲರಿಗೂ ಸೇರಿದ ಆಸ್ತಿಯ ರಕ್ಷಣೆಯನ್ನು ಒಬ್ಬೊಬ್ಬರ ತಲೆಗೆ ಕಟ್ಟದೆ, ಒಬ್ಬೊಬ್ಬರ ಒಳ್ಳೆಯತನಕ್ಕೂ ಬಿಡದೆ, ಎಲ್ಲರೂ ಸ್ವಲ್ಪ ಸ್ವಲ್ಪ ತೆರುವ ನಿಶ್ಚಿತ ವೆಚ್ಚವನ್ನಾಗಿ ಮಾಡಬೇಕು. ಆ ಹಣ ಎಲ್ಲಿಗೆ ಹೋಯಿತೆಂಬ ಲೆಕ್ಕವೂ ತೆರುವವರಿಗೆ ದೊರೆಯಬೇಕು. ಲೆಕ್ಕ ಕೇಳುವ ಹಕ್ಕಿಲ್ಲದ ಸುಂಕಕ್ಕೆ ವರ್ತಕರು ಮನಃಪೂರ್ವಕವಾಗಿ ಸಹಕರಿಸಲಾರರು.

ಸುವಾದ ಸಮಸ್ಯೆಗಳೆಲ್ಲ ಮುಗಿದಿವೆಯೆಂದು ಭಾವಿಸಬೇಕಾಗಿಲ್ಲ. 2016ರ ಜುಲೈನಲ್ಲಿ ನೀರಿನಲ್ಲಿ ಆಮ್ಲಜನಕ ಕುಸಿದು ಅಪಾರ ಪ್ರಮಾಣದ ಮೀನುಗಳು ಸತ್ತವು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಮಂಜುಗಡ್ಡೆ ಸೀಳಿ ಏಣಿನಂತೆ ಏಳುವ ವಿದ್ಯಮಾನದ ದಾಖಲೆಯನ್ನು 1443ರಿಂದ ಕಾಪಾಡಿಕೊಂಡು ಬರಲಾಗಿದೆ. 2019ರಿಂದ 2025ರವರೆಗಿನ ಏಳು ಚಳಿಗಾಲಗಳಲ್ಲಿ ಒಮ್ಮೆಯೂ ಅದು ಕಾಣಿಸಿಕೊಳ್ಳಲಿಲ್ಲ. ಭೂಮಿಯ ತಾಪಮಾನ ಏರಿಕೆಯನ್ನು ಒಂದು ಊರಿನ ಚರಂಡಿ ವ್ಯವಸ್ಥೆ ತಡೆಯಲಾರದು. ಆದರೆ ಊರಿನ ಕೈಯಲ್ಲಿರುವುದನ್ನು ಊರೇ ಮಾಡಬೇಕು. ಕೈಗಾರಿಕಾ ವಸಾಹತುಗಳ ಸಂಘಗಳು ಮುಂದಿನ ಆಯವ್ಯಯ ಸಿದ್ಧಪಡಿಸುವಾಗ ತಮ್ಮ ಕೆರೆ ಮತ್ತು ಕಾಲುವೆಗಳ ಹೆಸರಿನಲ್ಲೊಂದು ಬಾಬತ್ತನ್ನು ಸೇರಿಸುವುದು ಇದರ ಆರಂಭವಾಗಬಲ್ಲದು. ಬಾಡಿಗೆ ಮತ್ತು ವಿದ್ಯುತ್ ಬಿಲ್ಲಿನ ಸಾಲಿನಲ್ಲಿ ಅದಕ್ಕೂ ಸ್ಥಾನ ದೊರೆತಾಗ ಮಾತ್ರ ಅದು ದಾನವೆನಿಸದೆ ವ್ಯಾಪಾರದ ಖರ್ಚೆನಿಸಿಕೊಳ್ಳುತ್ತದೆ.