ಸ್ಟಾರ್‌ಬಕ್ ಹೆಣ್ಣಾದಾಗ

ಹಳೆಯ ಧಾರಾವಾಹಿಯೊಂದನ್ನು ಹೊಸದಾಗಿ ಕಟ್ಟಲು ಹೊರಟವರಿಗೆ ಮೊದಲ ಪೆಟ್ಟು ಬೀಳುವುದು ಅದನ್ನು ಹೆಚ್ಚು ಪ್ರೀತಿಸಿದವರಿಂದಲೇ. 2003ರ ಡಿಸೆಂಬರ್‌ನಲ್ಲಿ ಅಮೆರಿಕದ ಸೈ-ಫೈ ಚಾನೆಲ್ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ವನ್ನು ಕಿರುಸರಣಿಯಾಗಿ ಮರಳಿ ತಂದಾಗಲೂ ಹೀಗೇ ಆಯಿತು. ಪ್ರಸಾರಕ್ಕೆ ಮೊದಲೇ ಹಳೆಯ ಅಭಿಮಾನಿಗಳಲ್ಲಿ ಅನೇಕರು ತೀರ್ಪು ಕೊಟ್ಟಾಗಿತ್ತು: ಇದು ಹೆಸರಿಗಷ್ಟೇ ಗ್ಯಾಲಕ್ಟಿಕಾ. ಸಿಟ್ಟಿಗೆ ಕಾರಣಗಳು ಹಲವಿದ್ದರೂ ಬೆಂಕಿ ಹತ್ತಿಕೊಂಡದ್ದು ಒಂದೇ ಕಡೆ. 1978ರ ಮೂಲ ಧಾರಾವಾಹಿಯಲ್ಲಿ ಡರ್ಕ್ ಬೆನೆಡಿಕ್ಟ್ ಆಡಿದ್ದ, ಸಿಗಾರ್ ಸೇದುತ್ತ ಇಸ್ಪೀಟಾಡುವ, ಹುಡುಗಿಯರ ಹಿಂದೆ ಬೀಳುವ ಪೈಲಟ್ ಸ್ಟಾರ್‌ಬಕ್ ಈಗ ಹೆಣ್ಣಾಗಿದ್ದಳು. ಪಾತ್ರ ಕೇಟಿ ಸ್ಯಾಕಾಫ್ ಅವರದು. ಗಂಡಸುತನವನ್ನೇ ಟಿ.ವಿ. ಅಳಿಸಿಹಾಕುತ್ತಿದೆ ಎಂದು 2004ರಲ್ಲಿ ಬೆನೆಡಿಕ್ಟ್ ಒಂದು ಕಟುವಾದ ಲೇಖನವನ್ನೇ ಬರೆದರು.

ಅಭಿಮಾನಿಗಳ ಸಿಟ್ಟಿನಲ್ಲಿ ನ್ಯಾಯವಾದ ಒಂದು ಪಾಲಿತ್ತು, ಅದನ್ನು ತಳ್ಳಿಹಾಕಲಾಗದು. ಎಬಿಸಿ ವಾಹಿನಿ ಒಂದೇ ಸೀಸನ್‌ಗೆ ಹಳೆಯ ಧಾರಾವಾಹಿಯನ್ನು ನಿಲ್ಲಿಸಿಬಿಟ್ಟಿತ್ತು. ಆಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಅದರ ಹೆಸರು ಉಳಿದದ್ದು ಅಭಿಮಾನಿಗಳಿಂದ. ಅದರಲ್ಲಿ ಅಪೋಲೋ ಎಂಬ ಪೈಲಟ್ ಆಗಿದ್ದ ರಿಚರ್ಡ್ ಹ್ಯಾಚ್ ಕಥೆಯ ಮುಂದುವರಿಕೆಗಾಗಿ ಕಾದಂಬರಿಗಳನ್ನು ಬರೆದರು, ಕೈಯಿಂದ ದುಡ್ಡು ಹಾಕಿ ಒಂದು ಟ್ರೇಲರ್ ಕೂಡ ತಯಾರಿಸಿ ತೋರಿಸಿದರು. ಅದು ಕೈಗೂಡಲಿಲ್ಲ. ಕೊನೆಗೆ ಧಾರಾವಾಹಿ ಮರಳಿ ಬಂದಾಗ ಅದು ಮುಂದುವರಿಕೆಯಾಗಿರಲಿಲ್ಲ, ಮೊದಲಿನಿಂದ ಬರೆದ ಬೇರೆ ಕಥೆಯಾಗಿತ್ತು. ಇಷ್ಟು ವರ್ಷ ಕಾದವರಿಗೆ ಇದು ನೋಯುವ ಸಂಗತಿಯೇ. ಆದರೆ ನೋವು ಬೇರೆ, ಹೆಣ್ಣು ಯುದ್ಧವಿಮಾನ ಹಾರಿಸಿದರೆ ಕಥೆ ಕೆಟ್ಟಿತು ಎನ್ನುವುದು ಬೇರೆ. ಮೊದಲನೆಯದಕ್ಕೆ ಕಿವಿಗೊಡಬೇಕು. ಎರಡನೆಯದು ವಿಮರ್ಶೆಯೇ ಅಲ್ಲ.

ಮೊದಲ ಸೀಸನ್ ಬಂದದ್ದು ಈ ಗದ್ದಲದ ನಡುವೆ. ಹದಿಮೂರು ಕಂತು, 2004ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಸ್ಕೈ ಒನ್‌ನಲ್ಲಿ ಮೊದಲು, 2005ರ ಜನವರಿಯಲ್ಲಿ ಅಮೆರಿಕದಲ್ಲಿ. ಆರಂಭದ ಕಂತಿನ ಹೆಸರೇ ‘33’. ಮೂವತ್ತಮೂರು ನಿಮಿಷಕ್ಕೊಮ್ಮೆ ಮನುಷ್ಯರ ಹನ್ನೆರಡು ಲೋಕಗಳನ್ನು ನಾಶಮಾಡಿದ ಸೈಲಾನ್ ಯಂತ್ರಗಳು ಬೆನ್ನಟ್ಟಿ ಬರುತ್ತವೆ. ಅಳಿದುಳಿದ ಸುಮಾರು ಐವತ್ತು ಸಾವಿರ ಮಂದಿಯ ಬಾಹ್ಯಾಕಾಶ ಹಡಗುಗಳು ಅಷ್ಟರೊಳಗೆ ಮತ್ತೊಂದು ಕಡೆಗೆ ಜಿಗಿಯಬೇಕು. ಐದು ದಿನದಿಂದ ಯಾರಿಗೂ ನಿದ್ದೆಯಿಲ್ಲ. ಶತ್ರು ಹಿಂಬಾಲಿಸುತ್ತಿರುವುದು ಒಂದು ಪ್ರಯಾಣಿಕರ ಹಡಗನ್ನು ಹಿಡಿದುಕೊಂಡೇ ಎಂಬ ಅನುಮಾನ ಬಂದಾಗ, ಸಾವಿರಕ್ಕೂ ಹೆಚ್ಚು ಜನರಿದ್ದಿರಬಹುದಾದ ಆ ಹಡಗನ್ನು ತಮ್ಮವರೇ ಹೊಡೆದುರುಳಿಸುತ್ತಾರೆ. ಕೊನೆಯಲ್ಲಿ ಒಂದು ಮಗು ಹುಟ್ಟುತ್ತದೆ. ಅಧ್ಯಕ್ಷೆ ಲಾರಾ ರೋಸ್ಲಿನ್ ಎದ್ದು ಹೋಗಿ ಬದುಕಿರುವವರ ಲೆಕ್ಕಕ್ಕೆ ಒಂದನ್ನು ಸೇರಿಸುತ್ತಾಳೆ.

ಹಳೆಯ ಧಾರಾವಾಹಿಯ ಆರಂಭದ ಕಥೆಯಲ್ಲೂ ಹನ್ನೆರಡು ಲೋಕಗಳು ಸರ್ವನಾಶವಾಗುತ್ತವೆ. ಆದರೆ ಬದುಕುಳಿದವರು ಅದೇ ಕಥೆಯಲ್ಲಿ ಜೂಜುಕಟ್ಟೆಯಿರುವ ಒಂದು ಗ್ರಹಕ್ಕೆ ಹೋಗಿ ಉಂಡು ನಲಿಯುತ್ತಾರೆ. ಇಷ್ಟು ದೊಡ್ಡ ಸಾವಿನ ಮೇಲೆ ಕಟ್ಟಿದ ಕಥೆ ಆ ಸಾವನ್ನು ಅಷ್ಟು ಬೇಗ ಮರೆಯಿತು. ಹೊಸದನ್ನು ಬರೆದ ರೊನಾಲ್ಡ್ ಮೂರ್ ಮರೆಯಲು ಬಿಡಲಿಲ್ಲ. ಹಳೆಯ ಕಥೆಗೆ ಅವರು ದ್ರೋಹ ಬಗೆದರೆನ್ನುವವರು ಈ ಎರಡು ಆರಂಭಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಹಳೆಯದು ಎತ್ತಿ ಕೈಬಿಟ್ಟ ಪ್ರಶ್ನೆಯನ್ನು ಹೊಸದು ಹಿಡಿದುಕೊಂಡಿದೆ ಎಂದೇ ನನ್ನ ನಂಬಿಕೆ.

ಇನ್ನು ಸ್ಟಾರ್‌ಬಕ್. ತಾನು ಮದುವೆಯಾಗಬೇಕಿದ್ದ ಹುಡುಗ ಪೈಲಟ್ ಪರೀಕ್ಷೆಯಲ್ಲಿ ಅನುತ್ತೀರ್ಣನಾದರೂ ಅವನನ್ನು ಪಾಸು ಮಾಡಿ, ಅವನ ಸಾವಿಗೆ ಕಾರಣಳಾದವಳು ಅವಳು. ಆ ಹುಡುಗ ಸೇನಾಧಿಪತಿ ಅಡಾಮಾನ ಮಗ. ಅಡಾಮಾನ ಎದುರು ನಿಂತು ಅವಳು ಅದನ್ನು ಒಪ್ಪಿಕೊಳ್ಳುವ ದೃಶ್ಯ ಮೊದಲ ಸೀಸನ್‌ನಲ್ಲಿದೆ. ಮತ್ತೊಂದು ಕಂತಿನಲ್ಲಿ, ಮನುಷ್ಯರೂಪದ ಒಬ್ಬ ಸೈಲಾನ್ ಕೈದಿಯ ಬಾಯಿಬಿಡಿಸಲು ಅವನ ತಲೆಯನ್ನು ಮತ್ತೆ ಮತ್ತೆ ನೀರಿನಲ್ಲಿ ಅದ್ದಿಸುವವಳೂ ಅವಳೇ. ಕೊನೆಗೆ ಅವನ ಆತ್ಮಕ್ಕಾಗಿ ಪ್ರಾರ್ಥಿಸುವವಳೂ ಅವಳೇ. ಇರಾಕಿನ ಅಬು ಘ್ರೈಬ್ ಸೆರೆಮನೆಯಲ್ಲಿ ಅಮೆರಿಕದ ಸೈನಿಕರು ಕೈದಿಗಳನ್ನು ಹಿಂಸಿಸಿದ ಚಿತ್ರಗಳು ಹೊರಬಂದು ಒಂದು ವರ್ಷವೂ ಆಗಿರಲಿಲ್ಲ, ಅಮೆರಿಕದ ಟಿ.ವಿ.ಯಲ್ಲಿ ಈ ಕಂತು ಬಂತು. ಅದನ್ನು ನೋಡಿದ ಮೇಲೂ ಸ್ಟಾರ್‌ಬಕ್ ಗಂಡೋ ಹೆಣ್ಣೋ ಎಂಬುದೇ ಯಾರಿಗಾದರೂ ಮುಖ್ಯವೆನಿಸಿದರೆ ಅವರು ಕಂತನ್ನು ನೋಡಲೇ ಇಲ್ಲ.

ನೋಡಿದವರಲ್ಲಿ ಬಹಳಷ್ಟು ಜನ ಮನಸ್ಸು ಬದಲಿಸಿದರು. ‘33’ ಕಂತಿಗೆ 2005ರ ಹ್ಯೂಗೋ ಪ್ರಶಸ್ತಿ ಬಂತು. ಹ್ಯೂಗೋ ಆರಿಸುವುದು ತೀರ್ಪುಗಾರರ ಮಂಡಳಿಯಲ್ಲ, ವಿಶ್ವ ವಿಜ್ಞಾನ ಕಥಾ ಸಮಾವೇಶದ ಸದಸ್ಯರ ಮತ, ಅಂದರೆ ಅಭಿಮಾನಿಗಳೇ. ರಿಚರ್ಡ್ ಹ್ಯಾಚ್ ನಡೆದ ದಾರಿ ನನಗೆ ಅದಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ. ಹೊಸದನ್ನು ಬಹಿರಂಗವಾಗಿ ವಿರೋಧಿಸಿದ್ದ ಅವರು ಮೊದಲ ಸೀಸನ್‌ನಲ್ಲೇ ಟಾಮ್ ಜಾರೆಕ್ ಆಗಿ ಬಂದರು. ಸರಕಾರ ಭಯೋತ್ಪಾದಕನೆಂದು ಕರೆದು ಸೆರೆಯಲ್ಲಿಟ್ಟವನು ಜಾರೆಕ್. ಚುನಾವಣೆ ನಡೆಸಿ ಎಂದು ಕೇಳುವವನೂ ಅವನೇ. ಹಳೆಯ ಅಪೋಲೋ ಹೊಸ ಅಪೋಲೋನ ಎದುರು ಕೂತು ಅಧಿಕಾರವನ್ನು ಪ್ರಶ್ನಿಸುವಂತೆ ಬರೆದದ್ದು ಮೂರ್ ತೋರಿದ ಗೌರವ. ತನ್ನ ಕನಸು ಮುರಿದವರ ಮನೆಗೆ ಹೋಗಿ ಇಷ್ಟು ಚೆನ್ನಾಗಿ ಆಡಿದ್ದು ಹ್ಯಾಚ್ ಅವರ ದೊಡ್ಡತನ.

ಇಷ್ಟೆಲ್ಲ ಮೆಚ್ಚಿದ ಮೇಲೂ ನನಗೊಂದು ತಕರಾರಿದೆ. ಸ್ಟಾರ್‌ಬಕ್ ಗಲಾಟೆಯಲ್ಲಿ ಅದು ಕೇಳಿಸಿದ್ದು ತೀರ ಕಡಿಮೆ. 1978ರ ಧಾರಾವಾಹಿಯಲ್ಲಿ ಕರ್ನಲ್ ಟೈ ಆಗಿದ್ದವರು ಟೆರ್ರಿ ಕಾರ್ಟರ್, ಬೂಮರ್ ಆಗಿದ್ದವರು ಹರ್ಬರ್ಟ್ ಜೆಫರ್ಸನ್ ಜೂನಿಯರ್. ಇಬ್ಬರೂ ಕಪ್ಪು ಜನಾಂಗದ ನಟರು. ಆ ಕಾಲದ ಅಮೆರಿಕದ ಟಿ.ವಿ.ಯಲ್ಲಿ ಯುದ್ಧನೌಕೆಯ ಎರಡನೆಯ ಅಧಿಕಾರಿಯಾಗಿ ಕಪ್ಪು ನಟನೊಬ್ಬ ಪ್ರತಿ ವಾರ ಕಾಣಿಸಿಕೊಳ್ಳುವುದು ಸಣ್ಣ ಮಾತಾಗಿರಲಿಲ್ಲ. ಹೊಸದರಲ್ಲಿ ಆ ಎರಡೂ ಪಾತ್ರಗಳು ಕಪ್ಪು ಜನಾಂಗದವರಲ್ಲದ ನಟರಿಗೆ ಹೋದವು. ಅಡಾಮಾ ಆಗಿ ಎಡ್ವರ್ಡ್ ಜೇಮ್ಸ್ ಓಲ್ಮೋಸ್, ಬೂಮರ್ ಆಗಿ ಗ್ರೇಸ್ ಪಾರ್ಕ್ ಎಂಬ ಬಿಳಿಯರಲ್ಲದ ನಟರು ಬಂದದ್ದು ಸ್ವಾಗತಾರ್ಹವೇ; ಆದರೂ ಕಳೆದುಕೊಂಡದ್ದು ಕಳೆದುಕೊಂಡದ್ದೇ. ಹಳೆಯದರ ಮೇಲೆ ಪ್ರೀತಿಯಿದ್ದವರು ಸ್ಟಾರ್‌ಬಕ್‌ಗಾಗಿ ಕೂಗಿದಷ್ಟೇ ಗಟ್ಟಿಯಾಗಿ ಟೈ, ಬೂಮರ್‌ಗಾಗಿಯೂ ಕೂಗಿದ್ದರೆ, ಆ ಪ್ರಶ್ನೆಗೆ ನಿರ್ಮಾಪಕರು ಉತ್ತರ ಕೊಡಬೇಕಾಗುತ್ತಿತ್ತು.